ವ್ಯಸನಮುಕ್ತಿ ಚಿಕಿತ್ಸೆ: ಪೋಷಕರು ತಿಳಿದಿರಬೇಕಾದ ಅಂಶಗಳು

‘ಮದುವೆ ಮಾಡಿದರೆ ದಾರಿಗೆ ಬರುತ್ತಾನೆ’ ಎಂಬ ನಂಬಿಕೆಯು ವ್ಯಸನಕ್ಕೆ ಚಿಕಿತ್ಸೆಯಲ್ಲ. ಉತ್ತರ ಪ್ರದೇಶದ ಮಾಜಿ ಸಂಸದ ಕೌಶಲ್ ಕಿಶೋರ್ ಅವರ ಕುಟುಂಬದ ದುರಂತ ಇದಕ್ಕೆ ನಿದರ್ಶನವಾಗಿದೆ. ಮದ್ಯವ್ಯಸನಿಯಾಗಿದ್ದ ಮಗನನ್ನು ಅವರು ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದ್ದರು. ಚಟ ಬಿಡುವನೆಂದು ಭಾವಿಸಿ ವಿವಾಹವನ್ನೂ ನೆರವೇರಿಸಿದರು. ಆದರೆ ಕುಡಿತ ಮರುಕಳಿಸಿ, ಮಗನು 2020ರ ಅಕ್ಟೋಬರ್‌ನಲ್ಲಿ ಮೃತಪಟ್ಟನು. ತಾವು ಸಂಸದರಾಗಿ, ಪತ್ನಿ ಶಾಸಕಿಯಾಗಿದ್ದರೂ ಮಗನನ್ನು ಉಳಿಸಿಕೊಳ್ಳಲಾಗಲಿಲ್ಲವೆಂದು ಬಹಿರಂಗವಾಗಿ ಹೇಳಿಕೊಂಡ ಈ ತಂದೆ, ವ್ಯಸನಮುಕ್ತ ಸಮಾಜಕ್ಕಾಗಿ ಆಂದೋಲನ ಕೈಗೊಂಡರು.

ಕಾಗಿನೆಲೆ ಸೇರಿದಂತೆ ಹಾವೇರಿ, ಬ್ಯಾಡಗಿ ಮತ್ತು ರಾಣೇಬೆನ್ನೂರು ಭಾಗದ ಸಾರ್ವಜನಿಕರು ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446 ಅಥವಾ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಿ ಸಲಹೆ ಪಡೆಯಬಹುದಾಗಿದೆ.

ಪೊಲೀಸ್ ಪ್ರಕರಣದ ಭಯದಿಂದ ಚಿಕಿತ್ಸೆಗೆ ಹಿಂಜರಿಯಬಾರದು. 1985ರ ಮಾದಕ ದ್ರವ್ಯ ಕಾಯ್ದೆಯ 64ಎ ಕಲಮಿನನ್ವಯ, ಮಾದಕ ವಸ್ತು ಸೇವನೆ ಅಥವಾ ಅಲ್ಪ ಪ್ರಮಾಣ ಹೊಂದಿದ ಆರೋಪಕ್ಕೊಳಗಾದ ವ್ಯಸನಿಯು ಸರ್ಕಾರಿ ಇಲ್ಲವೇ ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದಲ್ಲಿ, ಮೊಕದ್ದಮೆಯಿಂದ ವಿನಾಯಿತಿ ದೊರೆಯುತ್ತದೆ. ಚಿಕಿತ್ಸೆ ಪೂರ್ಣಗೊಳಿಸದಿದ್ದಲ್ಲಿ ಈ ವಿನಾಯಿತಿಯನ್ನು ಹಿಂಪಡೆಯಬಹುದಾಗಿದೆ. ಆದ್ದರಿಂದ ಪೋಷಕರು ವಿಷಯವನ್ನು ಮುಚ್ಚಿಡದೆ, ವೈದ್ಯರು ಸೂಚಿಸುವವರೆಗೂ ಚಿಕಿತ್ಸೆಯನ್ನು ಮುಂದುವರಿಸತಕ್ಕದ್ದು.