ಗಲ್ಲಾಪೆಟ್ಟಿಗೆ

ಗಲ್ಲಾಪೆಟ್ಟಿಗೆಯು ವರ್ತಕರು ಹಣವನ್ನೂ ಲೆಕ್ಕದ ಕಾಗದಪತ್ರಗಳನ್ನೂ ಇರಿಸಲು ಮತ್ತು ನೆಲದ ಮೇಲೆ ಕುಳಿತು ಬರೆಯಲು ಬಳಸುತ್ತಿದ್ದ, ಇಳಿಜಾರು ಮುಚ್ಚಳದ ಮರದ ಪೆಟ್ಟಿಗೆ. ‘ಗಲ್ಲಾ’ ಎಂಬುದು ಅರಬ್ಬಿ-ಪಾರಸಿ ಮೂಲದ ಶಬ್ದ. ಅದರ ಮೊದಲ ಅರ್ಥ ಧಾನ್ಯ. ಧಾನ್ಯ ಮಾರಿ ಬಂದ ಹಣಕ್ಕೂ, ಆ ಹಣವಿರುವ ಪೆಟ್ಟಿಗೆಗೂ ಅದೇ ಹೆಸರು ನಿಂತಿತು. ಚಲನಚಿತ್ರದ ಗಳಿಕೆಯನ್ನು ಹೇಳುವಾಗ ಪತ್ರಿಕೆಗಳು ಇಂದಿಗೂ ಈ ಮಾತನ್ನು ಬಳಸುತ್ತವೆ. ಪೆಟ್ಟಿಗೆಯನ್ನು ಕಂಡವರು ಮಾತ್ರ ಕಡಿಮೆ.

ರಚನೆ

ಸಾಮಾನ್ಯವಾಗಿ ಸಾಗುವಾನಿ ಅಥವಾ ಹೊನ್ನೆಯಂತಹ ಗಟ್ಟಿ ಮರದಿಂದ ಇದನ್ನು ಮಾಡುತ್ತಿದ್ದರು. ಮೂಲೆಗಳಿಗೆ ಹಿತ್ತಾಳೆ ಅಥವಾ ಕಬ್ಬಿಣದ ಪಟ್ಟಿ, ಮುಂಭಾಗದಲ್ಲಿ ಕೀಲಿ. ಮುಚ್ಚಳದ ಕೆಳ ಅಂಚಿನಲ್ಲಿರುವ ತೆಳುವಾದ ಪಟ್ಟಿಯು ಪುಸ್ತಕ ಜಾರದಂತೆ ತಡೆಯುತ್ತದೆ. ಮುಚ್ಚಳ ಎತ್ತಿದರೆ ಒಳಗೆ ಹಲವು ಖಾನೆಗಳು: ಪತ್ರಗಳಿಗೆ ಒಂದು, ದೌತಿ ಮತ್ತು ಲೆಕ್ಕಣಿಕೆಗೆ ಒಂದು, ನಾಣ್ಯಗಳಿಗೆ ಬಟ್ಟಲಿನಂತೆ ಕೊರೆದ ಕುಳಿಗಳು. ಈ ಕುಳಿಗಳ ಉಪಯೋಗ ಕೈಯಾಡಿಸಿದವರಿಗೇ ತಿಳಿಯುತ್ತದೆ. ಚೌಕಾಕಾರದ ಖಾನೆಯ ಮೂಲೆಯಲ್ಲಿ ಸಿಕ್ಕಿಕೊಳ್ಳುವ ಕಾಸು, ದುಂಡು ಕುಳಿಯಲ್ಲಿ ಬೆರಳಿಗೆ ತಾನಾಗಿ ಬರುತ್ತದೆ. ಕೆಲವು ಪೆಟ್ಟಿಗೆಗಳಲ್ಲಿ ಖಾನೆಯ ಹಿಂದೆ ಕಳ್ಳಅರೆಯೂ ಇರುತ್ತಿತ್ತು.

ವರ್ತಕರ ಮನೆಯಲ್ಲಿ

ಉತ್ತರ ಕರ್ನಾಟಕದ ಅಡತಿ ವ್ಯಾಪಾರಿಗಳಲ್ಲಿ ಮನೆಯೂ ಅಂಗಡಿಯೂ ಬಹುಮಟ್ಟಿಗೆ ಒಂದೇ ಕಟ್ಟಡದಲ್ಲಿದ್ದವು. ಬೀದಿಗೆ ತೆರೆದ ಮುಂದಿನ ಪಡಸಾಲೆಯಲ್ಲಿ ಗಾದಿ ಹಾಸಿ, ಲೋಡಿಗೆ ಒರಗಿ ಸಾಹುಕಾರರು ಕೂರುತ್ತಿದ್ದರು. ಪಕ್ಕದಲ್ಲಿ ದಿವಾಣಜಿ ಚಕ್ಕಳಮಕ್ಕಳ ಹಾಕಿ ಕುಳಿತು ಪೆಟ್ಟಿಗೆಯ ಮೇಲೆ ಕಿರ್ದಿ ಬರೆಯುತ್ತಿದ್ದ. ದಿನದ ವ್ಯವಹಾರ ಕಿರ್ದಿಗೆ, ಅಲ್ಲಿಂದ ಆಯಾ ವ್ಯಕ್ತಿಯ ಹೆಸರಿನ ಖಾತೆಗೆ. ಹದಿನಾರು ಆಣೆಗೆ ಒಂದು ರೂಪಾಯಿ, ಹನ್ನೆರಡು ಪೈಗೆ ಒಂದು ಆಣೆ ಎಂಬ ಲೆಕ್ಕ 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬರುವವರೆಗೂ ನಡೆಯಿತು.

ಈಗಿನ ಕೊಪ್ಪಳ ಜಿಲ್ಲೆಯ ಪ್ರದೇಶದಲ್ಲಿ ಈ ಲೆಕ್ಕ ಇನ್ನೂ ತೊಡಕಿನದು. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಹಗೀರಿಗೆ ಸೇರಿದ್ದವು. ಗಂಗಾವತಿ, ಕುಷ್ಟಗಿಗಳೂ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವು. ಅಲ್ಲಿ ಚಲಾವಣೆಯಲ್ಲಿದ್ದುದು ನಿಜಾಮರ ಹಾಲಿ ಸಿಕ್ಕಾ. ಆದರೆ ಪಶ್ಚಿಮಕ್ಕೆ ಗದಗಿನ ಹತ್ತಿ ಪೇಟೆ ಮುಂಬಯಿ ಪ್ರಾಂತದಲ್ಲಿ, ತುಂಗಭದ್ರೆಯಾಚೆಯ ಹೊಸಪೇಟೆ ಮದರಾಸು ಪ್ರಾಂತದಲ್ಲಿ. ಎರಡೂ ಕಡೆ ಬ್ರಿಟಿಷ್ ರೂಪಾಯಿ. ಸುಮಾರು 7 ಹಾಲಿ ರೂಪಾಯಿಗಳು 6 ಬ್ರಿಟಿಷ್ ರೂಪಾಯಿಗೆ ಸಮ. ಆದ್ದರಿಂದ ಗಡಿಯಾಚೆ ವ್ಯವಹರಿಸುವ ವರ್ತಕನಿಗೆ ಎರಡು ನಾಣ್ಯಗಳನ್ನು ಬೇರೆ ಇಡುವ ಖಾನೆಗಳು ಅಲಂಕಾರವಲ್ಲ, ಅಗತ್ಯ. ಹೇಮಗುಡ್ಡದಂತಹ ಹಳ್ಳಿಯ ರೈತ ಗಂಗಾವತಿಯಲ್ಲಿ ಮಾಲು ಮಾರಿದಾಗ, ದರವನ್ನು ಯಾವ ಸಿಕ್ಕಾದಲ್ಲಿ ಬರೆದರೆಂಬುದರ ಮೇಲೆ ಅವನ ಕೈಗೆ ಬರುವ ಹಣ ನಿಂತಿತ್ತು.

ದೀಪಾವಳಿಯಂದು ಪೆಟ್ಟಿಗೆಗೂ ಹೊಸ ಲೆಕ್ಕದ ಪುಸ್ತಕಗಳಿಗೂ ಅರಿಸಿನ ಕುಂಕುಮವಿಟ್ಟು ಲಕ್ಷ್ಮೀಪೂಜೆ ಮಾಡುವ ರೂಢಿ, ಪೆಟ್ಟಿಗೆ ಹೋದ ಅಂಗಡಿಗಳಲ್ಲೂ ಉಳಿದಿದೆ. ಕಾಗದ ಬಳಕೆಗೆ ಬರುವ ಮುನ್ನ, ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಕಡತವನ್ನು ಅಳಿಸಿ ಮತ್ತೆ ಬರೆಯಬಹುದಿತ್ತು. ಅದು ಅನುಕೂಲವೂ ಹೌದು, ಸಂಶಯಕ್ಕೆ ಎಡೆಯೂ ಹೌದು.

ಪೆಟ್ಟಿಗೆಯೊಳಗಿನ ಸಾಲಪತ್ರ

ಓದು ಬಾರದ ರೈತನಿಗೆ ಈ ಪೆಟ್ಟಿಗೆ ಬರಿಯ ಪೀಠೋಪಕರಣವಾಗಿರಲಿಲ್ಲ. ಅವನ ಹೆಬ್ಬೆಟ್ಟಿನ ಗುರುತಿರುವ ಸಾಲಪತ್ರ ಅದರೊಳಗಿತ್ತು; ಅದರ ಚಾವಿ ಸಾಲ ಕೊಟ್ಟವನ ಸೊಂಟದಲ್ಲಿತ್ತು. 1875ರ ಮೇ 12ರಂದು ಪುಣೆ ಜಿಲ್ಲೆಯ ಸೂಪಾದಲ್ಲಿ ಆರಂಭವಾದ ದಖ್ಖನ್ ದಂಗೆಯಲ್ಲಿ ರೈತರು ಮುಖ್ಯವಾಗಿ ಹುಡುಕಿ ಸುಟ್ಟದ್ದು ಸಾಲಪತ್ರಗಳನ್ನು ಮತ್ತು ಲೆಕ್ಕದ ಪುಸ್ತಕಗಳನ್ನು. ಇದರ ಪರಿಣಾಮವಾಗಿ ಬಂದ 1879ರ ದಖ್ಖನ್ ಕೃಷಿಕರ ಪರಿಹಾರ ಕಾಯಿದೆಯು ರೈತರ ಪತ್ರಗಳನ್ನು ಗ್ರಾಮ ನೋಂದಣಾಧಿಕಾರಿಯ ಮುಂದೆ ಬರೆಸುವ ವ್ಯವಸ್ಥೆ ಮಾಡಿತು. ಬ್ರಿಟಿಷ್ ಇಂಡಿಯಾದ 1872ರ ಸಾಕ್ಷ್ಯ ಕಾಯಿದೆಯ 34ನೆಯ ಕಲಮಂತೂ, ಕ್ರಮವಾಗಿ ಬರೆದ ಲೆಕ್ಕದ ಪುಸ್ತಕ ಸಾಕ್ಷ್ಯವಾಗಬಲ್ಲದು, ಆದರೆ ಅದೊಂದರಿಂದಲೇ ಯಾರ ಮೇಲೂ ಹೊಣೆ ಹೊರಿಸಲಾಗದು ಎಂದು ಮೊದಲೇ ಹೇಳಿತ್ತು. ಆದರೆ ನ್ಯಾಯಾಲಯದ ಮೆಟ್ಟಿಲು ಹತ್ತಲಾರದವನಿಗೆ ಅದರಿಂದಾದ ಪ್ರಯೋಜನ ಅಲ್ಪ.

ಅಮೆರಿಕದ ಮೇಜುಗಳು

ಹದಿನೆಂಟನೆಯ ಶತಮಾನದ ಅಮೆರಿಕದ ಬ್ರಿಟಿಷ್ ವಸಾಹತುಗಳಲ್ಲೂ ವರ್ತಕರ ಮನೆಗಳಲ್ಲಿ ಇಳಿಜಾರು ಮುಚ್ಚಳದ ಮೇಜುಗಳಿದ್ದವು. ಖಾನೆಗಳು, ಕೀಲಿ, ಕಳ್ಳಅರೆ ಅವಕ್ಕೂ ಸಾಮಾನ್ಯ. ಕುರ್ಚಿಯ ಮೇಲೆ ಕೂರುವವರಿಗಾಗಿ ಮಾಡಿದ್ದರಿಂದ ಅವು ಎತ್ತರವಾಗಿ, ಕೆಳಗೆ ಸೆಳೆಖಾನೆಗಳನ್ನು ಹೊಂದಿದ್ದವು; ಮುಚ್ಚಳ ಮೇಲಕ್ಕಲ್ಲ, ಮುಂದಕ್ಕೆ ತೆರೆದು ಬರೆಯುವ ಹಲಗೆಯಾಗುತ್ತಿತ್ತು. ಶ್ರೀಮಂತರ ಮೇಜುಗಳಿಗೆ ಕೆರಿಬಿಯನ್ ಪ್ರದೇಶದ ಮಹಾಗನಿ ಮರ ಬಳಕೆಯಾಗುತ್ತಿತ್ತು. ನ್ಯೂಪೋರ್ಟಿನಲ್ಲಿ ತಯಾರಾದ, ಪ್ರಾವಿಡೆನ್ಸಿನ ವರ್ತಕ ನಿಕೋಲಸ್ ಬ್ರೌನನ ಪುಸ್ತಕದ ಕಪಾಟುಸಹಿತ ಮೇಜು 1989ರಲ್ಲಿ 1.21 ಕೋಟಿ ಡಾಲರಿಗೆ ಹರಾಜಾಯಿತು. ಆ ಮನೆತನದ ವ್ಯಾಪಾರದ ಕಾಗದಗಳು ಪ್ರಾವಿಡೆನ್ಸಿನ ಜಾನ್ ಕಾರ್ಟರ್ ಬ್ರೌನ್ ಗ್ರಂಥಾಲಯದಲ್ಲಿ ಸುರಕ್ಷಿತವಾಗಿವೆ.

ಇಂದಿನ ಸ್ಥಿತಿ

ಕುರ್ಚಿ-ಮೇಜು, ಉಕ್ಕಿನ ತಿಜೋರಿ, ಬಳಿಕ ಗಣಕಯಂತ್ರ ಬಂದಂತೆ ಗಲ್ಲಾಪೆಟ್ಟಿಗೆ ಅಟ್ಟ ಸೇರಿತು. ಈಗ ಹಳೆಯ ವಸ್ತುಗಳ ವ್ಯಾಪಾರಿಗಳು ಇದನ್ನು ಕೊಂಡು, ಹೊಳಪು ಕೊಟ್ಟು, ನಗರದ ಮನೆಗಳ ಅಲಂಕಾರಕ್ಕೆ ಮಾರುತ್ತಾರೆ. ಮಾರುವ ಮುನ್ನ ಪೆಟ್ಟಿಗೆಯನ್ನು ಬರಿದು ಮಾಡುವಾಗ ಕಿರ್ದಿಗಳು ರದ್ದಿಗೆ ಹೋಗುವುದುಂಟು. ಜೋಳದ ದರ, ಕೂಲಿ, ಬಡ್ಡಿ, ಬರಗಾಲದ ಸಾಲಗಳ ವಿವರ ಊರಿನ ಮಟ್ಟದಲ್ಲಿ ದೊರೆಯುವುದು ಇಂತಹ ಪುಸ್ತಕಗಳಲ್ಲಿಯೇ. ಅವುಗಳಲ್ಲಿ ಅನೇಕವು ಮೋಡಿ ಬರಹದಲ್ಲಿದ್ದು, ಅದನ್ನು ಓದಬಲ್ಲವರು ಈಗ ವಿರಳ.