ಬೇಸಿಗೆಯ ಬಿಡುವಿನಲ್ಲಿ ನಟನೆಯ ಪಾಠ

ಕಳೆದ ಬೇಸಿಗೆಯಲ್ಲಿ ಕಾರ್ಯನಿಮಿತ್ತ ಮಂಗಳೂರಿಗೆ ಹೋದವನು ಪಡೀಲಿನ ಪರಿಚಿತರೊಬ್ಬರ ಮನೆಯಲ್ಲಿ ಎರಡು ದಿನ ತಂಗಿದ್ದೆ. ಮನೆಯ ಯಜಮಾನರು ಹಾವೇರಿ ಕಡೆಯವರು. ರೈಲ್ವೆ ನೌಕರಿಗಾಗಿ ಬಂದು, ಮಂಗಳೂರು ಜಂಕ್ಷನ್ ನಿಲ್ದಾಣಕ್ಕೆ ಸಮೀಪದಲ್ಲಿಯೇ ನೆಲೆಸಿ ಇಪ್ಪತ್ತು ವರ್ಷಗಳಾಗಿವೆ. ಮಗಳು ಪದವಿ ತರಗತಿಯಲ್ಲಿ ಓದುತ್ತಾಳೆ. ಕಾಲೇಜಿನ ನಾಟಕ ತಂಡದಲ್ಲಿ ಒಳ್ಳೆಯ ಹೆಸರು ಪಡೆದವಳು. ರಾತ್ರಿ ಪ್ರಸಾದ ಮುಗಿದ ಮೇಲೆ ತಂದೆ ನಾಲ್ಕು ಕರಪತ್ರಗಳನ್ನು ನನ್ನ ಮುಂದಿಟ್ಟು, “ಗುರುಗಳ, ಸೂಟಿಯೊಳಗ ಆಕ್ಟಿಂಗ್ ಶಿಬಿರಕ್ಕ ಹೋಗತೀನಿ ಅಂತಾಳ. ಯಾವುದಕ್ಕ ಕಳಸೂದು, ನೀವ ಹೇಳ್ರಿ” ಎಂದರು.

ಅವರ ಅಳುಕಿಗೆ ಕಾರಣವಿತ್ತು. ಎರಡು ವರ್ಷಗಳ ಹಿಂದೆ ಮಗ ಇಂತಹದೇ ಒಂದು ಶಿಬಿರಕ್ಕೆ ಹೋಗಿದ್ದ. ಹತ್ತು ದಿನಗಳ ಪಾಠ, ಬಳಿಕ ಚಲನಚಿತ್ರದಲ್ಲಿ ಅವಕಾಶ ಎಂಬ ಆಶ್ವಾಸನೆ. ಶುಲ್ಕಕ್ಕಾಗಿ ತಾಯಿಯ ಉಳಿತಾಯದ ಹಣ ಖರ್ಚಾಯಿತು. ಹುಡುಗ ತಂದದ್ದು ಒಂದು ಪ್ರಮಾಣಪತ್ರ, ಹನ್ನೆರಡು ಭಾವಚಿತ್ರ ಮಾತ್ರ. ಕರೆ ಬರಲಿಲ್ಲ, ಆ ಹುಡುಗ ಮತ್ತೆ ರಂಗವೇರಲೂ ಇಲ್ಲ. ಹಣ ಹೋದುದಕ್ಕಿಂತ ಮಗನ ಉತ್ಸಾಹ ಹೋದುದೇ ಆ ಮನೆಗೆ ಹೆಚ್ಚಿನ ನಷ್ಟ.

ನಾನು ನಟನಲ್ಲ. ಮಠದ ಪಾಠಶಾಲೆಯಲ್ಲಿದ್ದಾಗ ಜಾತ್ರೆಯ ನಾಟಕಗಳಲ್ಲಿ ಒಂದೆರಡು ಸಣ್ಣ ಪಾತ್ರ ಮಾಡಿದ್ದುಂಟು. ಆದರೆ ನಸುಕಿನಲ್ಲಿ ಕೆರೆಯ ದಂಡೆಗೆ ನಿಲ್ಲಿಸಿ, ಆಚೆ ದಡದಲ್ಲಿ ತಾವು ನಿಂತು, ಅಕ್ಷರ ಅಕ್ಷರವೂ ಕೇಳಬೇಕೆಂದು ಶ್ಲೋಕ ಹೇಳಿಸುತ್ತಿದ್ದ ಗುರುಗಳನ್ನು ಮರೆತಿಲ್ಲ. ಕೂಗಿದರೆ ಬೈಯುತ್ತಿದ್ದರು, ಕೇಳದಿದ್ದರೂ ಬೈಯುತ್ತಿದ್ದರು. ಉಸಿರನ್ನು ಹೊಟ್ಟೆಯಿಂದ ಎತ್ತುವುದೆಂದರೇನೆಂದು ತಿಳಿಯಲು ನನಗೆ ಒಂದು ಚಾತುರ್ಮಾಸವೇ ಬೇಕಾಯಿತು. ಆದುದರಿಂದ ಹತ್ತು ದಿನಗಳಲ್ಲಿ ನಟನನ್ನು ತಯಾರಿಸುತ್ತೇವೆಂಬ ಮಾತನ್ನು ನಾನು ನಂಬಲಾರೆ. ಹತ್ತು ಹದಿನೈದು ದಿನಗಳಲ್ಲಿ ಆಗಬಹುದಾದುದು ಬೇರೆ: ಉಸಿರಾಟದ ಅಭ್ಯಾಸ, ಅನಾವಶ್ಯಕವಾಗಿ ಕೈಯಾಡಿಸದೆ ನಿಲ್ಲುವುದು, ಎದುರಿನ ಪಾತ್ರಧಾರಿಯ ಮಾತನ್ನು ನಿಜವಾಗಿ ಕೇಳಿಸಿಕೊಳ್ಳುವುದು. ಇಷ್ಟಾದರೆ ಶಿಬಿರ ಸಾರ್ಥಕ.

ಈ ದೃಷ್ಟಿಯಿಂದ ಕರಪತ್ರಗಳನ್ನು ಓದಿದೆವು. ಮೊದಲನೆಯದು ಹೊಳಪು ಕಾಗದದ್ದು. ಉದ್ಘಾಟಿಸುವವರ ಹೆಸರು ದಪ್ಪಕ್ಷರಗಳಲ್ಲಿತ್ತು. ದಿನವೂ ಕಲಿಸುವವರಾರೆಂಬುದು ಎಲ್ಲಿಯೂ ಇರಲಿಲ್ಲ. ಎರಡನೆಯದು ಹನ್ನೆರಡು ದಿನಗಳ ಶಿಬಿರ. ಮೂರನೆಯ ದಿನದಿಂದಲೇ ಸಮಾರೋಪದ ನಾಟಕದ ತಾಲೀಮು! ಹಾಗಾದರೆ ಶಿಬಿರಾರ್ಥಿ ಕಲಿಯುವುದು ಎರಡು ದಿನ, ಉಳಿದ ಹತ್ತು ದಿನ ಗುಂಪಿನಲ್ಲಿ ಒಬ್ಬನಾಗಿ ನಿಲ್ಲುವುದು. ಪಾಲಕರಿಗೆ ಕಡೆಯ ದಿನದ ಪ್ರದರ್ಶನ ಕಣ್ಣಿಗೆ ಹಬ್ಬವೆನಿಸುವುದು ಸಹಜ. ಆದರೆ ಅದರಿಂದ ಶಿಬಿರದ ಗುಣವನ್ನು ಅಳೆಯಲಾಗದು. ಮೂರನೆಯದು ಚಿಕ್ಕ ಮಕ್ಕಳಿಗಾಗಿ ಏರ್ಪಡಿಸಿದ್ದು. ಮೈಸೂರಿನ ರಂಗಾಯಣದ ಪ್ರಸಿದ್ಧ ಚಿಣ್ಣರ ಮೇಳದ ಮಾದರಿಯಲ್ಲಿ ಇಂದು ಊರೂರುಗಳಲ್ಲಿ ಬೇಸಿಗೆ ಮೇಳಗಳಾಗುತ್ತಿವೆ. ಅವು ಒಳ್ಳೆಯವೇ, ಆದರೆ ಕಾಲೇಜಿನವರಿಗಲ್ಲ. ನಾಲ್ಕನೆಯದು ಸಾದಾ ಕಾಗದದ್ದು. ಇಪ್ಪತ್ತು ಜನಕ್ಕೆ ಮಾತ್ರ ಪ್ರವೇಶ, ಇಬ್ಬರು ಶಿಕ್ಷಕರು ಪೂರ್ತಿ ಅವಧಿ ಜೊತೆಯಲ್ಲಿರುವರು, ಬೆಳಿಗ್ಗೆ ಆರಕ್ಕೆ ವ್ಯಾಯಾಮ, ಬಳಿಕ ಧ್ವನಿ, ಮಧ್ಯಾಹ್ನ ಓದು, ಸಂಜೆ ರಂಗಸಜ್ಜಿಕೆಯ ಕೆಲಸ ಎಂದಿತ್ತು.

“ಇದರಲ್ಲಿ ಸರ್ಟಿಫಿಕೇಟಿನ ಸುದ್ದಿಯೇ ಇಲ್ವಲ್ಲ ಅಜ್ಜ” ಎಂದು ಹುಡುಗಿ ಮುಖ ಸಪ್ಪೆ ಮಾಡಿದಳು.

ನಾಟಕವನ್ನೇ ಬದುಕಾಗಿ ಆರಿಸಿಕೊಳ್ಳುವವರಿಗೆ ಬೇಸಿಗೆಯ ಶಿಬಿರ ಕೇವಲ ಹೊಸ್ತಿಲು ಎಂಬುದನ್ನು ಆಕೆಗೆ ತಿಳಿಸಬೇಕಾಯಿತು. ಮುಂದಿನ ಮನೆಗಳು ಬೇರೆ. ಹೆಗ್ಗೋಡಿನ ನೀನಾಸಮ್ 1949ರಲ್ಲಿ ಹುಟ್ಟಿದ ಸಂಸ್ಥೆ, ಕೆ. ವಿ. ಸುಬ್ಬಣ್ಣನವರು ಅಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ಆರಂಭಿಸಿದರು. 1985ರಿಂದ ಅದರ ‘ತಿರುಗಾಟ’ ನಾಡನ್ನು ಸುತ್ತುತ್ತಿದೆ. ನಮ್ಮ ಸಮಾಜದವರಿಗೆ ಹತ್ತಿರವಾದುದು ಹೊಸದುರ್ಗ ತಾಲೂಕಿನ ಸಾಣೇಹಳ್ಳಿ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು 1987ರಲ್ಲಿ ಶಿವಕುಮಾರ ಕಲಾಸಂಘವನ್ನು ಕಟ್ಟಿದರು. 1997ರಿಂದ ‘ಶಿವಸಂಚಾರ’ ನಾಟಕಗಳನ್ನು ಊರೂರಿಗೆ ಒಯ್ಯುತ್ತಿದೆ. 2008ರಲ್ಲಿ ರಂಗಶಾಲೆಯೂ ಆರಂಭವಾಯಿತು. ಮಠವೊಂದು ನಟರನ್ನು ತಯಾರಿಸುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಇಂತಹ ತಿರುಗಾಟದ ತಂಡಗಳಲ್ಲಿ ಸಂಜೆಯ ರಾಜನೇ ಮಧ್ಯಾಹ್ನ ಪರದೆ ಕಟ್ಟುತ್ತಾನೆ, ರಾತ್ರಿ ಪೆಟ್ಟಿಗೆ ಹೊರುತ್ತಾನೆ; ಅದನ್ನು ಕಂಡವರಿಗೆ ಕಾಯಕವೆಂಬ ಮಾತಿಗೆ ಬೇರೆ ವ್ಯಾಖ್ಯಾನ ಬೇಕಾಗದು. ಆದರೆ ಈ ರಂಗಶಾಲೆಗಳ ಪಾಠ ತಿಂಗಳುಗಟ್ಟಲೆ ನಡೆಯುವಂತಹದು. ಪದವಿಯ ಮಧ್ಯದಲ್ಲಿರುವವರಿಗೆ ಹೊಂದದು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯದಂತೂ ಮೂರು ವರ್ಷಗಳ ಶಿಕ್ಷಣ. ಮೊದಲು ಪದವಿ ಮುಗಿಯಲಿ, ಈ ಬೇಸಿಗೆಯಲ್ಲಿ ತನಗೆ ಇದು ನಿಜವಾಗಿ ಬೇಕೇ ಎಂಬುದನ್ನು ಹುಡುಗಿ ಅರಿಯಲಿ ಎಂದೆ.

ಆಗ ತಾಯಿ ಅಡುಗೆಮನೆಯಿಂದಲೇ, “ವಸತಿ ಹ್ಯಾಂಗದರೀ ಅಲ್ಲಿ?” ಎಂದರು. ಇದು ಎಲ್ಲರಿಗಿಂತ ಮೊದಲು ಗಂಡಸರು ಕೇಳಬೇಕಾಗಿದ್ದ ಪ್ರಶ್ನೆ. ಹುಡುಗಿಯರಿಗೆ ಪ್ರತ್ಯೇಕ ವಸತಿಯಿದೆಯೆ, ರಾತ್ರಿ ತಾಲೀಮು ಎಷ್ಟು ಹೊತ್ತಿನವರೆಗೆ, ಜೊತೆಯಲ್ಲಿ ಉಳಿಯುವ ಶಿಕ್ಷಕಿಯಾರು ಎಂಬುದನ್ನು ದೂರವಾಣಿಯಲ್ಲಿ ನೇರವಾಗಿ ವಿಚಾರಿಸಬೇಕು. 2013ರ ಕಾನೂನಿನಂತೆ ಹತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಯಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಇರಲೇಬೇಕು. ಅಭಿನಯ ಕಲಿಸುವಾಗ ಮೈ ಮುಟ್ಟಿ ತಿದ್ದುವ ಸಂದರ್ಭಗಳು ಬರುತ್ತವೆ. ಒಳ್ಳೆಯ ಗುರು ಮೊದಲು ಒಪ್ಪಿಗೆ ಕೇಳುತ್ತಾನೆ. ಇಂತಹ ಪ್ರಶ್ನೆಗೆ ಸಿಡುಕುವ ವ್ಯವಸ್ಥಾಪಕರ ಕಡೆಗೆ ಮಕ್ಕಳನ್ನು ಕಳುಹಿಸಲಾಗದು.

ಇಷ್ಟೆಲ್ಲ ಹೇಳಿಯೂ ನನಗೆ ಒಂದು ವಿಷಯ ಉಳಿದಿತ್ತು. ಬಿ. ವಿ. ಕಾರಂತರು ಪಡೀಲಿನಿಂದ ಹೆಚ್ಚು ದೂರವಲ್ಲದ ಬಂಟ್ವಾಳ ತಾಲೂಕಿನ ಮಂಚಿಯವರು, 1929ರಲ್ಲಿ ಜನಿಸಿದವರು. ಹುಡುಗನಾಗಿ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದರು. ವೀರಣ್ಣನವರೇ ಅವರನ್ನು ಮುಂದಿನ ವ್ಯಾಸಂಗಕ್ಕೆ ಕಾಶಿಗೆ ಕಳುಹಿಸಿದರು. ಅದೇ ಕಾರಂತರು ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕವನ್ನು 1979ರಲ್ಲಿ ದೆಹಲಿಯಲ್ಲಿ ‘ಬರ್ನಮ್ ವನ’ ಎಂದು ಹಿಂದಿಯಲ್ಲಿ ಆಡಿಸುವಾಗ ಆಶ್ರಯಿಸಿದ್ದು ತಮ್ಮ ಸೀಮೆಯ ಯಕ್ಷಗಾನವನ್ನು. ದೆಹಲಿಯವರು ಬೇಡಿ ಪಡೆದುದು ಈ ಹುಡುಗಿಯ ಮನೆಯ ಬಾಗಿಲಲ್ಲಿಯೇ ಇದೆಯಲ್ಲ!

ಕರಾವಳಿಯ ಮೇಳಗಳು ಬೇಸಿಗೆಯಲ್ಲಿ ವಿಶ್ರಮಿಸುವುದಿಲ್ಲ. ದೀಪಾವಳಿಯ ಆಸುಪಾಸಿನಲ್ಲಿ ಹೊರಟವು ಮೇ ತಿಂಗಳ ಕೊನೆಯ ವಾರದ ಪತ್ತನಾಜೆಯವರೆಗೆ ರಾತ್ರಿ ರಾತ್ರಿ ಆಡುತ್ತವೆ. ಹರಕೆಯ ಬಯಲಾಟಕ್ಕೆ ಟಿಕೀಟಿಲ್ಲ. ನೋಡುವುದೆಂದರೆ ಎದುರಿಗೆ ಕುಳಿತು ಮೆಚ್ಚುವುದಷ್ಟೇ ಅಲ್ಲ. ಒಪ್ಪಿಗೆ ಪಡೆದು ಸಂಜೆಯೇ ಚೌಕಿಗೆ ಹೋಗಿ, ಕಲಾವಿದ ತನ್ನ ಮುಖಕ್ಕೆ ತಾನೇ ಬಣ್ಣ ಹಚ್ಚಿಕೊಳ್ಳುವುದನ್ನು ನೋಡಬೇಕು. ಭಾಗವತರ ಪದ ಮುಗಿದೊಡನೆ ಬರೆದಿಟ್ಟ ಪಾಠವಿಲ್ಲದೆ ಅರ್ಥ ಹೇಳುವವನು ಎದುರಾಳಿಯ ಮಾತನ್ನು ಹೇಗೆ ಹಿಡಿದು ತಿರುಗಿಸುತ್ತಾನೆಂಬುದನ್ನು ಗಮನಿಸಬೇಕು. ಹೆಜ್ಜೆಯನ್ನು ಕ್ರಮವಾಗಿ ಕಲಿಯಬೇಕೆಂದರೆ 1971ರಲ್ಲಿ ಆರಂಭವಾದ ಉಡುಪಿಯ ಯಕ್ಷಗಾನ ಕೇಂದ್ರ ಇಂದ್ರಾಳಿಯಲ್ಲಿದೆ.

“ಆಟ ನಾನು ಸಣ್ಣದಿರುವಾಗ ಎಷ್ಟೋ ನೋಡಿದ್ದೇನೆ ಅಜ್ಜ. ಚೌಕಿಗೆ ಹೋದದ್ದಿಲ್ಲ” ಎಂದಳು ಹುಡುಗಿ.

ಮರುದಿನ ತಂದೆ ನಾಲ್ಕನೆಯ ಕರಪತ್ರದ ಸಂಖ್ಯೆಗೆ ಕರೆ ಮಾಡಿದರು. ವಸತಿಯ ಪ್ರಶ್ನೆಯನ್ನು ತಾಯಿಯೇ ಕೇಳಿದರು. ಉತ್ತರಿಸಿದಾಕೆ ಶಿಬಿರದ ಶಿಕ್ಷಕಿ, ಬೇಸರಿಸದೆ ಕಾಲು ಗಂಟೆ ಮಾತನಾಡಿದರಂತೆ. ಶಿಬಿರ ಜೂನ್ ಮೊದಲ ವಾರಕ್ಕೆ. ನಾನು ಹೊರಡುವ ಹೊತ್ತಿಗೆ ಹುಡುಗಿ ಅಣ್ಣನನ್ನು ಎಳೆದುಕೊಂಡು ಬಂದು, ಆ ರಾತ್ರಿ ಅಡ್ಯಾರಿನ ಕಡೆ ಆಟವಿದೆಯೆಂದೂ, ಅವನೂ ಜೊತೆಗೆ ಬರುತ್ತಾನೆಂದೂ ಹೇಳಿದಳು. ಪತ್ತನಾಜೆಗೆ ಇನ್ನೂ ಹದಿನೆಂಟು ದಿನಗಳಿದ್ದವು.