ನಾಲ್ಕು ಸೆಕೆಂಡಿನ ತಡ

2023ರ ಜುಲೈ 14ರಂದು ಚಂದ್ರಯಾನ-3 ನಾಲ್ಕು ಸೆಕೆಂಡು ತಡವಾಗಿ ಹೊರಟಿತು. ಕಾರಣ, ಬಾಹ್ಯಾಕಾಶದ ಕಸ. ಅದೇ ತಿಂಗಳ 30ರಂದು ಪಿಎಸ್‌ಎಲ್‌ವಿ-ಸಿ56 ರಾಕೆಟ್ ಒಂದು ನಿಮಿಷವೇ ಕಾಯಬೇಕಾಯಿತು. ಇಂಥ ಅಪಾಯಗಳ ಮೇಲೆ ಕಣ್ಣಿಡಲೆಂದೇ ಇಸ್ರೊ 2022ರಲ್ಲಿ ಬೆಂಗಳೂರಿನಲ್ಲಿ ಪ್ರತ್ಯೇಕ ಕೇಂದ್ರವೊಂದನ್ನು ತೆರೆದಿದೆ.

ಹತ್ತು ಸೆಂಟಿಮೀಟರ್‌ಗಿಂತ ದೊಡ್ಡ ಚೂರು ರೇಡಾರಿಗೆ ಸಿಗುತ್ತದೆ, ಉಪಗ್ರಹವನ್ನು ಪಕ್ಕಕ್ಕೆ ಸರಿಸಬಹುದು. ತಲೆನೋವು ಸಣ್ಣವುಗಳದ್ದು. ಸೆಕೆಂಡಿಗೆ 10 ಕಿಲೋಮೀಟರ್ ವೇಗದ ಒಂದೇ ಗ್ರಾಂ ಚೂರಿನ ಹೊಡೆತದ ಶಕ್ತಿ, ರಸ್ತೆಯಲ್ಲಿ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಬರುವ ಒಂದು ಟನ್ ಕಾರಿನದಕ್ಕೆ ಸಮ! 1983ರಲ್ಲಿ ಬಣ್ಣದ ಚಕ್ಕೆಯೊಂದು ಚಾಲೆಂಜರ್ ನೌಕೆಯ ಕಿಟಕಿಗೆ ಗುಳಿ ಬೀಳಿಸಿತು, ಗಾಜನ್ನೇ ಬದಲಿಸಬೇಕಾಯಿತು.

ಹಾನಿಯನ್ನು ಮೊದಲೇ ಅಂದಾಜಿಸುವುದು ಹೇಗೆ? ಪ್ರಯೋಗಾಲಯದಲ್ಲಿ ಅನಿಲದ ಬಂದೂಕಿನಿಂದ ಲೋಹದ ಫಲಕಗಳಿಗೆ ಗುಂಡು ಹೊಡೆದು, ಎಷ್ಟು ದಪ್ಪದ ಗೋಡೆಯನ್ನು ಎಷ್ಟು ದೊಡ್ಡ ಚೂರು ತೂರುತ್ತದೆಂಬ ಸೂತ್ರ ಕಟ್ಟುತ್ತಾರೆ. ಬಂದೂಕಿಗೆ ನಿಲುಕದ ವೇಗಕ್ಕೆ ಕಂಪ್ಯೂಟರ್ ಲೆಕ್ಕ. ಆ ಸೂತ್ರಕ್ಕೆ ಕಕ್ಷೆಯ ಕಸದ ದಟ್ಟಣೆ, ನೌಕೆಯ ವಿಸ್ತೀರ್ಣ, ಆಯಸ್ಸು ಸೇರಿಸಿದರೆ ಅಪಾಯದ ಸಂಭವನೀಯತೆ ಸಿಗುತ್ತದೆ.

ಕಸದಲ್ಲಿ ನಮ್ಮ ಪಾಲೂ ಇದೆ. 2001ರ ಡಿಸೆಂಬರಿನಲ್ಲಿ ಪಿಎಸ್‌ಎಲ್‌ವಿ-ಸಿ3ರ ಕೊನೆಯ ಹಂತ ಸಿಡಿದು 300ಕ್ಕೂ ಹೆಚ್ಚು ತುಂಡಾಯಿತು. ಉಳಿದ ಇಂಧನವನ್ನು ಹೊರಬಿಟ್ಟು ಸಿಡಿತ ತಪ್ಪಿಸುವ ಕ್ರಮವನ್ನು ಇಸ್ರೊ ಆಮೇಲೆ ರೂಢಿಸಿಕೊಂಡಿತು. 2030ರ ಹೊತ್ತಿಗೆ ಕಸವೇ ಉಳಿಯದ ಯಾನಗಳು ಎಂಬುದು ಭಾರತ 2024ರಲ್ಲಿ ಘೋಷಿಸಿದ ಗುರಿ.